ಸಭಾಂಗಣಕ್ಕೆ ಹಾಸಿದ ಕಾರ್ಪೆಟ್

ಮಾರ್ಚ್ 4
ಮತ್ತೆ ಅದೇ ಬ್ರೋಷರ್. ಸಂಗೀತ ಕಾಲೇಜಿನ ಇತಿಹಾಸ, ಸೌಲಭ್ಯ ಎಲ್ಲ ನಾನೇ ಬರೆಯಬೇಕಂತೆ. ಹಾಡು ಕಲಿಸುವವಳಿಗೆ ಬೇರೆ ಕೆಲಸ ಇಲ್ಲವಲ್ಲ! ಬರೆದೆ: ಮೊದಲು ಇದು ಧಾನ್ಯದ ಗೋದಾಮು. ಈಗ ಅಭ್ಯಾಸದ ಕೋಣೆಗಳು, ಲೈಬ್ರರಿ, ಎರಡು ಪಿಯಾನೊ. ಮತ್ತೆ ನಮ್ಮ ಸಭಾಂಗಣ — ತೇಗದ ನೆಲ, ಮೈಕ್ ಇಲ್ಲದೆ ಕೊನೇ ಸಾಲಿಗೂ ದನಿ ಮುಟ್ಟುವ ಜಾಗ. ಆ ನೆಲದ ಮೇಲೆ ಕುರ್ಚಿ ಎಳೆದರೆ ನನ್ನ ಗುರುಗಳು ಕೊಂದೇ ಹಾಕುತ್ತಿದ್ದರು.

ಮಾರ್ಚ್ 9, ಬೆಳಿಗ್ಗೆ
ಸಭಾಂಗಣಕ್ಕೆ ಕಾಲಿಟ್ಟರೆ... ಕಾರ್ಪೆಟ್! ಗೋಡೆಯಿಂದ ಗೋಡೆಗೆ, ವೇದಿಕೆಯ ಮೇಲೂ. ಯಾವನೋ ಕಾರ್ಪೆಟ್ ಅಂಗಡಿಯವನ ದಾನ. ಚಪ್ಪಾಳೆ ತಟ್ಟಿ ನೋಡಿದೆ. ದಿಂಬಿಗೆ ಗುದ್ದಿದ ಹಾಗೆ ಸದ್ದು. ಮೈಯೆಲ್ಲ ಉರಿದುಹೋಯಿತು. ಡೈರೆಕ್ಟರ್ ಹತ್ತಿರ ಓಡಿದೆ.

"ಹಾಲ್ ಎಷ್ಟು ಕಳೆಕಳೆಯಾಗಿದೆ ನೋಡಿ ಮೇಡಂ."

"ದನಿ ಸತ್ತುಹೋಗಿದೆ ಸರ್. ಶುಕ್ರವಾರ ಗುಬ್ಬಿ ಪರೀಕ್ಷೆ ಇದೆ."

"ಅದಕ್ಕೇನಂತೆ? ಮೈಕ್ ಕೊಡೋಣ."

"ಮೈಕ್ ಮುಟ್ಟಿದ್ರೆ ಫೇಲ್ ಅಂತ ನಿಯಮ ಮಾಡಿದ್ದು ನೀವೇ ಅಲ್ವಾ?"

ಗಡಿಯಾರ ನೋಡಿಕೊಂಡರು. ತಲೆಯಲ್ಲಿ ಏನು ತುಂಬಿಕೊಂಡಿದ್ದಾರೋ!

ಗುಬ್ಬಿ ನನ್ನ ಕಡೇ ವರ್ಷದ ವಿದ್ಯಾರ್ಥಿನಿ. ದನಿ ಸಣ್ಣದು, ಆದರೆ ಚಿನ್ನ. ಹೋದ ವರ್ಷ ಜ್ವರದಲ್ಲಿ ಹಾಡಿ ಫೇಲಾದಳು. ಈ ಸಲವೂ ಹೋದರೆ ಕಾಲೇಜಿನಿಂದಲೇ ಹೊರಗೆ.

ಮಾರ್ಚ್ 13, ಮಧ್ಯಾಹ್ನ
ಹಾಡಿದಳು. ಪರೀಕ್ಷಕರಿಬ್ಬರು ಕೊನೇ ಸಾಲಿನಲ್ಲಿ, ಪಕ್ಕದಲ್ಲಿ ನಾನು. ಬಾಯಿ ಆಡುತ್ತಿತ್ತು, ಹಾಡೆಲ್ಲ ಕಾರ್ಪೆಟ್ ಪಾಲು. ದನಿ ಸಾಲದು ಅಂದುಬಿಟ್ಟರು.

"ಮಿಸ್, ಇನ್ನೂ ಜೋರಾಗಿ ಹಾಡಬೇಕಿತ್ತಾ?" ಕಣ್ಣು ತುಂಬಿತ್ತು. ಥೂ! ತಪ್ಪು ಯಾರದು, ಅಳುವವರು ಯಾರು!

ಪರೀಕ್ಷಕರನ್ನೇ ಹಿಡಿದೆ. "ಬರೀ ನೆಲದ ಮೇಲೆ ಇನ್ನೊಂದು ಸಲ ಕೇಳ್ತೀರಾ?"

"ನಾಲ್ಕು ಗಂಟೆವರೆಗೂ ಇರ್ತೀವಿ. ಕಾರ್ಪೆಟ್ ತೆಗೆಸೋದು ನಿಮಗೆ ಬಿಟ್ಟಿದ್ದು," ಎಂದರು ಹಿರಿಯಾಕೆ.

ಡೈರೆಕ್ಟರ್ ಊಟಕ್ಕೆ ಹೋಗಿದ್ದಾರೆ. ಕಾಲೇಜಿನ ಬಡಗಿಯ ಹತ್ತಿರ ಚಾಕು ಇದೆ.

ಅದೇ ದಿನ, ನಾಲ್ಕಕ್ಕೆ ಹತ್ತು ನಿಮಿಷ
ಡೈರೆಕ್ಟರ್ ಕೋಣೆಯ ಹೊರಗಿನ ಬೆಂಚು. ಉಗುರು ಕಿತ್ತು ರಕ್ತ. ನಾನು, ಪಿಯಾನೊ ಮೇಷ್ಟ್ರು, ಗುಬ್ಬಿಯ ಇಡೀ ಕ್ಲಾಸು — ಕೊಯ್ದೆವು, ಎಳೆದೆವು, ಸುತ್ತಿ ಹೊರಗೆ ಬಿಸಾಕಿದೆವು. ಮೇಷ್ಟ್ರಿಗೆ ಸೊಂಟ ಹಿಡಿದಿದೆ. "ಇಷ್ಟು ವರ್ಷದಲ್ಲಿ ಇಂಥ ಕಚೇರಿ ಕೊಟ್ಟಿರಲಿಲ್ಲ ತಾಯಿ!"

ಅಷ್ಟರಲ್ಲಿ ಕೊನೇ ಸಾಲಿನ ಹಿಂದಿನ ಬಾಗಿಲಲ್ಲಿ ಡೈರೆಕ್ಟರ್. "ಈ ಯಮ್ಮಂಗೆ ಹುಚ್ಚು ಹಿಡಿದಿದೆ," ಎಂದು ಗೊಣಗಿಕೊಂಡರು. ವೇದಿಕೆಯ ಮೇಲಿದ್ದ ನನಗೆ ಅಕ್ಷರ ಅಕ್ಷರ ಕೇಳಿಸಿತು. ನಕ್ಕುಬಿಟ್ಟೆ.

"ನೋಡಿದ್ರಾ ಸರ್? ಈಗ ಕೇಳಿಸ್ತು!"

ಕೆಲಸ ಹೋಗುತ್ತದೆ. ಹೋಗಲಿ. ಹುಡುಗಿ ಹಾಡುವಾಗ ನನ್ನನ್ನು ಒಳಗೆ ಬಿಡದೆ ಇಲ್ಲಿ ತಂದು ಕೂರಿಸಿದರಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತಿದೆ. ಸಭಾಂಗಣದ ಬಾಗಿಲು ಹಾಕಿದರು. ಇತ್ತ ಡೈರೆಕ್ಟರ್ ಕರೆಯುತ್ತಿದ್ದಾರೆ. ಇರಿ ಸ್ವಾಮಿ, ಒಂದು ನಿಮಿಷ! ಶುರು ಮಾಡಿದಳು... ಮುಚ್ಚಿದ ಬಾಗಿಲು, ಇಷ್ಟುದ್ದದ ಕಾರಿಡಾರು ದಾಟಿ ಇಲ್ಲಿಗೂ... ಏರು ಕಣೇ, ಇನ್ನೂ ಮೇಲೆ, ಇನ್ನೊಂದು—