ಮುದ್ದೆ ಕಂಡರೆ ತೂಗುವ ತಲೆ

ಅಸ್ವಾ ಹೊಳೆದಂಡೆ, ಪಾಡೆರ್
೧೪ ಅಕ್ಟೋಬರ್ ೨೦೧೩

ಪ್ರೀತಿಯ ಅಚೀರೊ ಅಕ್ಕನಿಗೆ ತಂಗಿ ಲಮುನುವಿನ ನಮಸ್ಕಾರ.

ಬಿತ್ತನೆ ಹೊತ್ತಿಗೆ ಬಂದ ನಿನ್ನ ಕಾಗದಕ್ಕೆ ಕೊಯ್ಲಿನ ಹೊತ್ತಿಗೆ ಉತ್ತರ ಬರೆಯುತ್ತಿದ್ದೇನೆ. ಬೈಯಬೇಡ, ನೀನು ಕೇಳಿದ್ದಕ್ಕೆ ಏನು ಹೇಳಲೆಂದು ತಿಳಿಯದೆ ಮುಂದೂಡಿದೆ. ಮೇಕೆ ಎರಡು ಮರಿ ಹಾಕಿದೆ. ನಮ್ಮ ಕಿರಿಮಗ ಕೊಮಕೆಚ್‌ಗೆ ಮುಂದಿನ ಹಲ್ಲು ಬಿದ್ದು, ಮಾತಾಡಿದರೆ ಸಿಳ್ಳೆ ಹೊಡೆದಂತೆ ಕೇಳಿಸುತ್ತದೆ.

ನಮ್ಮ ಲನ್ಯೇರೊಗೆ ಹನ್ನೆರಡು ತುಂಬಿತು. ಮುದ್ದೆಯ ತಟ್ಟೆ ಎದುರಿಗಿಟ್ಟ ಕೂಡಲೇ ತಲೆ ತೂಗಿ ತೂಗಿ ಎದೆಗೆ ಬೀಳುತ್ತಿತ್ತಲ್ಲ, ಆಸ್ಪತ್ರೆಯ ಮಾತ್ರೆ ಶುರುವಾದ ಮೇಲೆ ಅದು ಎಷ್ಟೋ ಕಡಿಮೆ. ಹೊಲಕ್ಕೆ ಹೋಗುವಾಗ ಅವಳನ್ನು ಹಗ್ಗದಿಂದ ಮಾವಿನ ಮರಕ್ಕೆ ಕಟ್ಟುವುದನ್ನು ಬಿಟ್ಟಿದ್ದೇನೆ. ಒಲೆಯ ಹತ್ತಿರ ಒಬ್ಬಳನ್ನೇ ಬಿಡಲು ಮಾತ್ರ ಇನ್ನೂ ಧೈರ್ಯವಿಲ್ಲ. ಮತ್ತೆ ಎರಡನೇ ಕ್ಲಾಸಿಗೆ ಸೇರಿದ್ದಾಳೆ, ತನ್ನ ಮೊಣಕೈಗೆ ಬರುವ ಮಕ್ಕಳ ನಡುವೆ. "ಅಮ್ಮ, ಎಲ್ರೂ ನನ್ನನ್ನೇ ಟೀಚರ್ ಅಂದ್ಕೊಂಡವ್ರೆ" ಎಂದು ನಗುತ್ತಾಳೆ.

ಈ ಕಾಯಿಲೆಗೆ ಕಾರಣ ಏನು ಎಂದು ಕೇಳಿದ್ದೀಯ. ಯುದ್ಧದ ಕಾಲದಲ್ಲಿ ನಿರಾಶ್ರಿತರ ಕ್ಯಾಂಪಿನಲ್ಲಿ ತಿಂದ ಮುಗ್ಗಲು ಹಿಟ್ಟೇ ಎಂದು ನಾನು ನಂಬಿದ್ದೆ. ನಮ್ಮತ್ತೆ ಡಾಕ್ಟರ ಮುಖಕ್ಕೇ ಹೇಳಿದರು: "ಯುದ್ಧದಲ್ಲಿ ಸತ್ತು ಮಣ್ಣು ಕಾಣದೋರು ಮಕ್ಕಳ ಕತ್ತು ಹಿಡಿದವ್ರೆ. ನಿನ್ನ ಮಾತ್ರೆಗೆ ಹೆದರ್ತಾರೇನಪ್ಪ?"

ಡಾಕ್ಟರ್ ಒಯಾತ್ ನಗಲಿಲ್ಲ. "ಅಜ್ಜಿ, ಹೊಳೆಯ ಕರಿನೊಣ ಕಚ್ಚಿದಾಗ ಮೈಯೊಳಗೆ ಹುಳ ಸೇರ್ತದೆ. ಅದರಿಂದಲೇ ಮಿದುಳಿಗೆ ಕೇಡಾಗ್ತದೆ ಅಂತ ನಮ್ಮ ಅನುಮಾನ. ಖಚಿತವಾಗಿ ನಮಗೂ ಗೊತ್ತಿಲ್ಲ. ಆದ್ರೆ ಒಂದೇ ತಟ್ಟೇಲಿ ಉಂಡು ಯಾರಿಗೂ ಬಂದಿದ್ದನ್ನ ನಾನು ಕಂಡಿಲ್ಲ" ಎಂದರು. ಗೊತ್ತಿಲ್ಲ ಎಂದ ಡಾಕ್ಟರರ ಮೇಲೆ ನನಗೆ ಅದೇಕೋ ನಂಬಿಕೆ ಹುಟ್ಟಿತು.

ಹೋದ ತಿಂಗಳು ದಾಯಾದಿಗಳ ಮನೆಯಲ್ಲಿ ತಿಥಿ ಊಟ. ಮಕ್ಕಳಿಗೆಲ್ಲ ಒಂದೇ ದೊಡ್ಡ ತಟ್ಟೆಯಲ್ಲಿ ಮುದ್ದೆ, ಎಳ್ಳು ಅರೆದು ಹಾಕಿದ ಪುಂಡಿಸೊಪ್ಪು. ಲನ್ಯೇರೊಳ ತಲೆ ಮೆಲ್ಲಗೆ ತೂಗತೊಡಗಿತು. ಜೊತೆಗಿದ್ದ ಹೆಂಗಸರು ತಮ್ಮ ಮಕ್ಕಳ ಕೈ ಹಿಡಿದು ಎಬ್ಬಿಸಿದರು. ದೊಡ್ಡ ತಟ್ಟೆಯ ಮುಂದೆ ಅವಳೊಬ್ಬಳೇ ಉಳಿದಳು. ಆಗ ನಮ್ಮತ್ತೆ ಊರುಗೋಲು ಬದಿಗಿಟ್ಟು ಅವಳ ಪಕ್ಕ ಕೂತರು. ಅವಳು ಮುರಿದಿಟ್ಟಿದ್ದ ತುತ್ತನ್ನೇ ಎತ್ತಿ ಬಾಯಿಗೆ ಹಾಕಿಕೊಂಡು, "ಎದ್ದು ಹೋದ್ರಾ? ಒಳ್ಳೇದಾಯ್ತು ಬಿಡು, ನಮಗೇ ಜಾಸ್ತಿ ಸಿಗ್ತು. ತಿನ್ನೇ" ಎಂದರು. ಲನ್ಯೇರೊ ತಲೆ ಎತ್ತಿದಳು. ಇಬ್ಬರೂ ಹೊಟ್ಟೆ ತುಂಬ ಉಂಡರು. ಸತ್ತವರ ಮಾತನ್ನು ಅತ್ತೆ ಆಮೇಲೂ ಬಿಟ್ಟಿಲ್ಲ, ಆದರೆ ಅವಳ ಜೊತೆ ಉಣ್ಣುವುದನ್ನೂ ಬಿಟ್ಟಿಲ್ಲ.

ಅಕ್ಕ, ಕೊಮಕೆಚ್‌ನನ್ನು ನೊಣವಿಲ್ಲದ ಗುಲು ಪೇಟೆಗೆ ಕಳಿಸು, ನಾನು ಸಾಕುತ್ತೇನೆ ಎಂದು ನೀನು ಬರೆದಿದ್ದೆ. ಮನಸ್ಸು ಕಲ್ಲು ಮಾಡಿಕೊಂಡು ಒಪ್ಪಿದ್ದೇನೆ. ಬರುವ ಶನಿವಾರದ ಬಸ್ಸಿಗೆ ಕಳಿಸುತ್ತೇನೆ. ನಿನ್ನ ಮನೆ ತಣ್ಣಗಿರಲಿ, ಮಕ್ಕಳ ಕಾಲು ಗಟ್ಟಿಯಾಗಿರಲಿ.

ನಿನ್ನ ತಂಗಿ,
ಲಮುನು

ಮರೆತ ಮಾತು: ತಮ್ಮನ ಬಟ್ಟೆ ಗಂಟು ಕಟ್ಟುವಾಗ ಲನ್ಯೇರೊ ತನ್ನ ಲಂಗವನ್ನೂ ಅದರೊಳಗೆ ಮಡಿಸಿಟ್ಟಳು. "ದೊಡ್ಡಮ್ಮ ನನ್ನನ್ನೂ ಕರೆದವ್ರೆ ಅಲ್ವಾ ಅಮ್ಮ?" ಎಂದಳು. ನೀನು ಕರೆದದ್ದು ಒಬ್ಬನನ್ನು. ನಾನು ಹೂಂ ಅಂದುಬಿಟ್ಟೆ. ಬಸ್ಸಿನಿಂದ ಇಬ್ಬರು ಇಳಿಯುತ್ತಾರೆ. ಮೊದಲು ಅವಳ ಹೆಸರು ಹಿಡಿದು ಕೂಗು.