ಉರಿಗೆ ಮಜ್ಜಿಗೆ

೧೭ ಜನವರಿ ೨೦೦೮, ಗುರುವಾರ. ಬೆಳಿಗ್ಗೆ

ಒಲೆಯ ಮೇಲೆ ಹಾಲಿಟ್ಟಾಗ ಬಚ್ಚಲಿಗೆ ಹೋದವರು. ಹಾಲು ಉಕ್ಕಿತು, ಆರಿತು, ಕೆನೆಗಟ್ಟಿತು — ಇವರ ಪತ್ತೆಯಿಲ್ಲ. ಬಂದು ಗೋಡೆ ಹಿಡಿದು ನಿಂತರು. ಮಜ್ಜಿಗೆ ಕೊಟ್ಟೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಂಗಾಮು ಬಂದರೆ ಯಾರ ಮನೆಯಲ್ಲಿ ಉರಿ ಇಲ್ಲ? ಕಣ್ಣು ಉರಿ, ಕೈ ಉರಿ, ಉಚ್ಚೆ ಉರಿ. ಇವರದು ಮಾತ್ರ ಮಳೆಗಾಲದಲ್ಲೂ ಬಿಟ್ಟಿಲ್ಲ. ಎರಡು ವರ್ಷವಾಯಿತು.

ಅಂಗಳದಲ್ಲಿ ನನ್ನ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುವ ರಸೂಲಬಿ ಅಂದಳು, "ನಮ್ಮ ಮನೀಯವ್ರಿಗೂ ಹಂಗ ಇತ್ತವ್ವಾ. ಸೀಸನ್ ಮುಗದ ಮ್ಯಾಲ ತಾನ ಹೋತು. ನಿಮ್ಮವ್ರದು ಹೋಗವಲ್ದು ಅಂದ್ರ ಡಾಕ್ಟರಗ ತೋರಸ್ರಿ."

"ಡಾಕ್ಟರ ಏನು ಮೆಣಸಿನಕಾಯಿ ಸಪ್ಪಗ ಮಾಡ್ತಾನೇನ?" ಅಂದೆ.

೨೬ ಜನವರಿ

ಬಚ್ಚಲ ಕಲ್ಲಿನ ಮೇಲೆ ಕೆಂಪು. ಮೆಣಸಿನಕಾಯಿ ಕೈ ತೊಳೆದ ನೀರು ಅಂದುಕೊಂಡೆ. ಅಲ್ಲ.

ಮಗ ವೀರೇಂದ್ರ ಹಾವೇರಿಗೆ ಕರೆದೊಯ್ದ. ಅಲ್ಲಿಯವರು ಹುಬ್ಬಳ್ಳಿಗೆ ಹೋಗಿ ಎಂದರಂತೆ.

೯ ಫೆಬ್ರವರಿ. ಹುಬ್ಬಳ್ಳಿಯಿಂದ ಬಂದು

ಕ್ಯಾನ್ಸರ್. ಬರೆದುಬಿಟ್ಟೆ.

ಪ್ರೊಸ್ಟೇಟ್ ಎಂಬ ಗ್ರಂಥಿ ಗಂಡಸರಿಗಷ್ಟೇ ಇರುತ್ತದಂತೆ. ಇಷ್ಟು ವರ್ಷ ಸಂಸಾರ ಮಾಡಿದೆ, ಅದೊಂದು ಗೊತ್ತಿರಲಿಲ್ಲ. ಡಾಕ್ಟರ್ ಹುಡುಗ ನನ್ನನ್ನೇ ಕೇಳಿದ, "ಎರಡು ವರ್ಷ ಏನ್ ಮಾಡಿದ್ರಿ ಅಮ್ಮಾ?"

"ಮೆಣಸಿನಕಾಯಿ ಉರಿ ಅಂತ ಮಜ್ಜಿಗಿ ಕೊಟ್ಟೇನ್ರಿ."

ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಒಂದು ಉಪಾಯವಿದೆಯಂತೆ. ಅಕ್ಕಿಕಾಳಿನಷ್ಟು ಬೀಜಗಳು, ಒಳಗೆ ರೇಡಿಯೇಶನ್. ಸೂಜಿಯಿಂದ ಆ ಗ್ರಂಥಿಯೊಳಗೇ ಇಡುತ್ತಾರೆ. ಅಲ್ಲೇ ಕೂತು ರೋಗವನ್ನು ಸುಡುತ್ತವೆ. ಮುಂಬೈಗೆ ಹೋಗಬೇಕು. ಅದಕ್ಕೂ ಮೊದಲು ಎಲುಬಿನ ಸ್ಕ್ಯಾನ್ — ರೋಗ ಎಲುಬಿಗೆ ಇಳಿದಿದ್ದರೆ ಬೀಜದಿಂದ ಉಪಯೋಗವಿಲ್ಲ. ಬೀಜ ಹಾಕಿದ ಮೇಲೆ ಕೆಲವು ತಿಂಗಳು ಬಸುರಿಯರ ಪಕ್ಕ ಕೂರಬಾರದು, ಕೂಸನ್ನು ತೊಡೆಯ ಮೇಲೆ ಹಾಕಿಕೊಳ್ಳಬಾರದು.

ಅಲ್ಲಿಯವರೆಗೆ ನೆಲ ನೋಡುತ್ತಿದ್ದವರು ಆಗ ತಲೆ ಎತ್ತಿದರು.

೧೦ ಫೆಬ್ರವರಿ

ವೀರೇಂದ್ರನ ಮಗಳು ಐಶ್ವರ್ಯ, ರಾಣೆಬೆನ್ನೂರಿಗೆ ಕೊಟ್ಟವಳು, ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆ, ತವರಿಗೇ ಬರಬೇಕು. ನಮ್ಮ ಮನೆತನದಲ್ಲಿ ಹಿರಿಯನ ತೊಡೆಯ ಮೇಲೆ ಮಲಗಿಸಿಯೇ ಕೂಸಿನ ಕೊರಳಿಗೆ ಲಿಂಗ ಕಟ್ಟುವುದು. ಐಶ್ವರ್ಯಳಿಗೂ ಇವರ ತೊಡೆಯ ಮೇಲೆಯೇ ಕಟ್ಟಿದ್ದು.

"ಕೂಸು ಆಗ್ಲಿ. ಲಿಂಗಾ ಕಟ್ಟಿಸಿ ಮುಂಬೈಗೆ ಹೊಕ್ಕೇನಿ."

"ಹೆರಿಗಿ ರಾಣೆಬೆನ್ನೂರಾಗ ಆಗ್ಲಿ. ನೀವು ಬೀಜಾ ಬಿತ್ತಿಸ್ಕೊಂಡು ಬರ್ರಿ."

"ಹಳೇ ಹೊಲ ಇದು. ಇದಕ್ಯಾವ ಬೀಜ?"

"ಹೊಲಕ್ಕ ಬುದ್ಧಿ ಇಲ್ಲಂತ ಮದಿವ್ಯಾದ ದಿನಾನ ಗೊತ್ತಾಗೇತಿ ನನಗ."

ನಕ್ಕರು. ಈ ಮನುಷ್ಯ ಯಾವಾಗಲೂ ಹೀಗೆ ನಕ್ಕೇ ಗೆಲ್ಲುವುದು. ಸ್ಕ್ಯಾನನ್ನಾದರೂ ಮಾಡಿಸೋಣ ಎಂದ ವೀರೇಂದ್ರ. ಅದಕ್ಕೂ ಒಲ್ಲೆ ಎಂದರು ಇವರು. ಮಾಡಿಸಿದರೆ ಮುಂಬೈ ರೈಲಿಗೆ ಎತ್ತಿ ಹಾಕುತ್ತೀರಿ ಅಂತ.

೨ ಮಾರ್ಚ್

ಐಶ್ವರ್ಯ ಬಂದಳು. ಅವಳಿಗೆ ಏನೂ ಗೊತ್ತಿಲ್ಲ. ಅಜ್ಜನಿಗೆ ಆತುಕೊಂಡೇ ಕೂತು ಮಂಡಕ್ಕಿ ತಿಂದಳು.

"ಯಾಕ ಸೊರಗೀದಿ ಅಜ್ಜಾ?"

"ನಿಮ್ಮಜ್ಜಿ ನಾಲಿಗಿ ಖಾರ ಉಂಡು ಉಂಡು."

ಹೇಳಿಬಿಡಲು ಬಾಯಿ ತೆರೆದೆ. ಇವರು ನನ್ನತ್ತ ನೋಡಿದರು. ಮುಚ್ಚಿದೆ.

೨೪ ಏಪ್ರಿಲ್

ಗಂಡು. ತಾಯಿ ಕೂಸು ಚೆನ್ನಾಗಿದ್ದಾರೆ. ಹಾವೇರಿ ಆಸ್ಪತ್ರೆಯ ಮೆಟ್ಟಿಲು ಹತ್ತಲು ಇವರಿಗೆ ಆಗಲಿಲ್ಲ. ಸೊಂಟ ಹಿಡಿದಿದೆ ಎಂದರು. ಯುಗಾದಿಯಿಂದ ಹಿಡಿದೇ ಇದೆ…

೩ ಮೇ

ಎತ್ತಿ ಕಾರಿನಲ್ಲಿ ಕೂಡಿಸಿ ಹುಬ್ಬಳ್ಳಿಗೆ ಕರೆದೊಯ್ದೆವು. ಸ್ಕ್ಯಾನ್ ಆಯಿತು. ಬೆನ್ನು, ಸೊಂಟ, ಬಲತೊಡೆ. ಫೋಟೋದ ತುಂಬ ಕಪ್ಪು ಚುಕ್ಕೆ — ಬೂಷ್ಟು ಹಿಡಿದ ಕಾಯಿಯ ಹಾಗೆ.

ಬೀಜದ ಮಾತು ಮುಗಿಯಿತು. ಇನ್ನು ಇಂಜೆಕ್ಷನ್, ನೋವಿಗೆ ಗುಳಿಗೆ.

"ಫೆಬ್ರುವರಿಯೊಳಗ ಮಾಡಿಸಿದ್ದರ?" ವೀರೇಂದ್ರ ಡಾಕ್ಟರ್ ಹುಡುಗನನ್ನು ಕೇಳಿದ.

"ಆಗ್ಲೇ ಇಳಿದಿರಬಹುದು. ಇಲ್ಲದೇನೂ ಇರಬಹುದು."

ಈ ಉತ್ತರವನ್ನು ಮನೆಯ ಯಾವ ಮೂಲೆಯಲ್ಲಿ ಇಟ್ಟುಕೊಳ್ಳಲಿ?

"ಕೂಸನ್ನ ತೊಡೀಮ್ಯಾಲ ಹಾಕ್ಕೋಬಹುದೇನ್ರಿ?" ಕೇಳಿದ್ದು ನಾನು.

"ಸ್ಕ್ಯಾನಿಗೆ ಕೊಟ್ಟ ಸೂಜಿಯ ರೇಡಿಯೇಶನ್ ಇಳೀಲಿ. ನಾಡಿದ್ದು ಏನೂ ತೊಂದರೆ ಇಲ್ಲಮ್ಮ."

ಏನೂ ತೊಂದರೆ ಇಲ್ಲ.

೫ ಮೇ, ಸೋಮವಾರ. ಮಧ್ಯಾಹ್ನ

ಲಿಂಗ ಕಟ್ಟಲು ಅಯ್ಯನವರು ಬಂದರು. ಇವರನ್ನು ಕಂಬಕ್ಕೆ ಒರಗಿಸಿ ಕೂಡಿಸಿದೆವು. ಸೊಸೆ ಸುರೇಖಾ ಕೂಸನ್ನು ತಂದು ತೊಡೆಯ ಮೇಲಿಟ್ಟಳು. ಒಂದು ಹಿಡಿ ಜೀವ. ಪ್ರಾಯದಲ್ಲಿ ತುಂಬಿದ ಚೀಲ ಹೆಗಲ ಮೇಲೆ ಎಸೆದುಕೊಳ್ಳುತ್ತಿದ್ದವರು… ತುಟಿ ಕಚ್ಚಿದರು. ಹಣೆಯಲ್ಲಿ ಬೆವರು. ಯಾರೂ ನೋಡಲಿಲ್ಲ, ಎಲ್ಲರ ಕಣ್ಣೂ ಕೂಸಿನ ಮೇಲೆ.

ಕೂಸಿನ ಕೆಳಗೆ ಎರಡೂ ಕೈ ತೂರಿಸಿ ಭಾರ ಎತ್ತಿ ಹಿಡಿದೆ.

"ಕೈ ತಗೀರಿ ನೀಲಗಂಗವ್ವಾರ, ತೊಡೀಮ್ಯಾಲ ಇರಬೇಕು ಅದು."

"ನಿಮ್ಮ ಮಂತ್ರ ನೀವು ಲಗೂ ಮುಗಸ್ರಿ."

ಇವರು ನನ್ನ ಕಿವಿಯ ಹತ್ತಿರ ಬಾಗಿದರು. "ತಗಿ. ನನ್ನ ಮ್ಯಾಲ ಇರ್ಲಿ."

ತೆಗೆದೆ.

ಅದೇ ದಿನ. ಸಂಜೆ

ಮಲಗಿದ್ದಾರೆ. ಕಾಲು ಚಾಚಲು ಆಗುತ್ತಿಲ್ಲ. ಗುಳಿಗೆ ಕೊಟ್ಟರೆ ಸರಿಸಿದರು. ಮಜ್ಜಿಗೆ ಕೇಳಿದರು.

"ಇನ್ನ ಯಾಕ ಮಜ್ಜಿಗಿ?"

"ಉರಿ."

ಕೊಟ್ಟೆ. ಅರ್ಧ ಲೋಟ ಕುಡಿದು, "ಕೂಸು ಹಗುರಿತ್ತು" ಅಂದರು. ಸುಳ್ಳು. ಬೈಯಬೇಕೆಂದಿದ್ದೆ, ಲೋಟ ತೆಗೆದುಕೊಂಡು ಅವರ ತುಟಿ ಒರೆಸಿದೆ. ನಾನು!

ಬಚ್ಚಲಿಗೆ ಕರೆಯುತ್ತಿದ್ದಾರೆ. ಒಲೆಯ ಮೇಲೆ ಹಾಲು