ತಲೆ ಆಡಿಸಿದ್ದು ಯಾವ ಮಾತಿಗೆ

ಎಣ್ಮಕಜೆ
22-2-2011

ಮುದ್ದಿನ ಸುಪ್ರೀತಾ,

ಅಮ್ಮನ ಆಶೀರ್ವಾದಗಳು. ಪತ್ರ ಬರೆಯುವ ಅಭ್ಯಾಸವೇ ತಪ್ಪಿಹೋಗಿದೆ, ಅಕ್ಷರಗಳು ಸಾಲು ಬಿಟ್ಟು ಇಳಿಯುತ್ತಿವೆ, ನಗಬೇಡ. ಮೊದಲಿಗೆ 'ನಾವೆಲ್ಲ ಕ್ಷೇಮ' ಎಂದು ಬರೆಯಬೇಕೆಂದು ಏಳನೇ ಕ್ಲಾಸಿನಲ್ಲಿ ಕಲಿಸಿದ್ದರು. ಅಷ್ಟು ಬರೆಯುವುದಕ್ಕೇ ಕೈ ಬರಲಿಲ್ಲ. ಹಾಗಾಗಿ ತಡವಾಯಿತು.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನೀನು ನನ್ನ ಫೋನ್ ಎತ್ತುವುದಿಲ್ಲ. ಎತ್ತಿದರೂ ನಮ್ಮ ಮನೆಯಲ್ಲಿ ರೇಂಜ್ ಸಿಗುವುದು ನಿನ್ನ ತಂಗಿ ಅಕ್ಷಯಾಳ ಮಂಚದ ಹತ್ತಿರ ಮಾತ್ರ, ಅಲ್ಲಿ ನಿಂತು ಆಡುವಂಥ ಮಾತಲ್ಲ ಇದು. ಹೊಸಂಗಡಿಯ ಯೋಗೀಶ ರಜೆ ಮುಗಿಸಿ ದೋಹಾಕ್ಕೆ ಹೊರಟಿದ್ದಾನೆ. ಹಪ್ಪಳದ ಕಟ್ಟಿನೊಳಗೆ ಈ ಪತ್ರ ಇಟ್ಟಿದ್ದೇನೆ. ಹಪ್ಪಳ ನಿನ್ನ ಜೊತೆಯ ನರ್ಸುಗಳಿಗೂ ಕೊಡು, ಒಬ್ಬಳೇ ತಿಂದು ಮುಗಿಸಬೇಡ.

ನಮ್ಮನ್ನು ಟಿವಿಯಲ್ಲಿ ನೋಡಿದ ದಿವಸ ನೀನು ಅಪ್ಪನಿಗೆ ಫೋನ್ ಮಾಡಿ, "ಅಮ್ಮನಿಗೆ ಅಕ್ಷಯಾ ಬೇಡ ಅಂತಾದರೆ ನನ್ನ ಹತ್ತಿರ ಹೇಳಬಹುದಿತ್ತು, ಟಿವಿಯವರ ಹತ್ತಿರ ಯಾಕೆ ಹೇಳಿದ್ದು?" ಎಂದೆಯಂತೆ. ಅಪ್ಪ ಆ ಮಾತನ್ನು ಎರಡು ದಿನ ನನ್ನಿಂದ ಮುಚ್ಚಿಟ್ಟರು. ಅವರಿಗೆ ಮುಚ್ಚಿಡಲು ಬರುತ್ತದೆಯೇ, ಮುಖ ನೋಡಿದರೆ ಗೊತ್ತಾಗುತ್ತದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿದ ಮೇಲೂ ಸಿಟ್ಟು ಉಳಿದರೆ ಸಿಟ್ಟು ಮಾಡು.

ಆ ಮಲಯಾಳ ಟಿವಿಯವರನ್ನು ಕರೆತಂದದ್ದು ಶಾಲೆಯ ತಿರುಮಲೇಶ್ವರ ಮಾಷ್ಟ್ರು. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಹುಳದ ಮದ್ದು ಬಿಡುತ್ತಿದ್ದ ಕಾಲದಲ್ಲಿ ಇವಳ ಹಾಗೆ ಹುಟ್ಟಿದ ಮಕ್ಕಳ ಬಗ್ಗೆ ಕಾರ್ಯಕ್ರಮವಂತೆ. "ಹದಿನಾರು ತುಂಬಿದ ಮಗಳನ್ನು ಇನ್ನೆಷ್ಟು ಕಾಲ ಎತ್ತುತ್ತೀರಿ ಅಪ್ಪಿಯಕ್ಕ? ಟಿವಿಯಲ್ಲಿ ಬಂದರೆ ಯಾರಾದರೂ ಒಂದು ವೀಲ್‌ಚೇರ್ ಆದರೂ ಕೊಟ್ಟಾರು" ಎಂದರು. ಹೂಂ ಎಂದೆ. ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ.

ಅವರು ಬರುತ್ತಾರೆಂದು ಬೆಳಿಗ್ಗೆಯೇ ಅಕ್ಷಯಾಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿ, ನೀನು ಕಳಿಸಿದ ಹಳದಿ ಚೂಡಿದಾರ ತೊಡಿಸಿ ಕೂರಿಸಿದ್ದೆ. ಡೈರೆಕ್ಟರ್ ನೋಡಿ ತಲೆ ಕೊಡವಿದ. ಹಳೆಯ ನೈಟಿ ಹಾಕಿಸಿ, ಜಡೆ ಬಿಚ್ಚಿಸಿ, ಮಂಚವನ್ನು ಹಿಂದಿನ ಸೌದೆ ಕೊಟ್ಟಿಗೆಗೆ ಸಾಗಿಸಿದರು. ನಮ್ಮ ಟೈಲ್ಸ್ ಹಾಕಿದ ಕೋಣೆ ಕ್ಯಾಮೆರಾಕ್ಕೆ ಆಗುವುದಿಲ್ಲವಂತೆ. ಗಂಡಸರು ಚಿತ್ರದೊಳಗೆ ಬೇಡ ಎಂದು ಅಪ್ಪನನ್ನು ಚಹಾ ಮಾಡಲು ಕಳಿಸಿದರು. ಪಾಪ, ಎಲ್ಲರಿಗೂ ಚಹಾ ಕೊಟ್ಟು ಗ್ಲಾಸೂ ತೊಳೆದರು. ಟಿವಿಯಲ್ಲಿ ನೋಡಿದರೆ ನಾನು ಒಂಟಿ ಹೆಂಗಸು! ಈಗ ಪೆರ್ಲ ಪೇಟೆಯಲ್ಲಿ ಅಪ್ಪನನ್ನು ಕಂಡವರು, "ಎಂತ ವಾಸಪ್ಪಣ್ಣ, ಓಡಿಹೋದವರು ಯಾವಾಗ ವಾಪಸ್ ಬಂದದ್ದು ಮಾರಾಯ್ರೆ?" ಎಂದು ಕೇಳುತ್ತಾರಂತೆ. ಅವರು ನಗುತ್ತಲೇ ನನಗೆ ಹೇಳಿದರು. ಆದರೆ ಪೇಟೆಗೆ ಹೋಗುವುದನ್ನು ಕಡಿಮೆ ಮಾಡಿದ್ದಾರೆ.

ಅವಳನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುವುದನ್ನು ಒಂದು ಸಲ ಮುಂದಿನಿಂದ, ಒಂದು ಸಲ ಹಿಂದಿನಿಂದ, ಮತ್ತೊಂದು ಸಲ ಕ್ಯಾಮೆರಾವನ್ನು ನೆಲದಲ್ಲಿಟ್ಟು ತೆಗೆದರು. ಆಮೇಲೆ ನಮ್ಮ ಏಣಿ ಹತ್ತಿ ಮೇಲಿನಿಂದಲೂ ತೆಗೆದರು. ನನ್ನ ಸೊಂಟ ಹೋಯಿತು. ಅಕ್ಷಯಾಳಿಗೆ ಅದೊಂದು ಆಟ, ಕೇಕೆ ಹಾಕಿ ನಗುತ್ತಿದ್ದಳು. ಅವಳು ನಕ್ಕ ಕೂಡಲೇ 'ಕಟ್' ಎನ್ನುತ್ತಿದ್ದರು. ಆ ನಗುವಿನ ಒಂದು ಚೂರೂ ಟಿವಿಯಲ್ಲಿ ಇರಲಿಲ್ಲ, ನೀನೇ ನೋಡಿದ್ದೀಯಲ್ಲ. ನಮ್ಮ ನಡಿಗೆಯನ್ನು ನಿಧಾನ ಮಾಡಿ, ಪಿಟೀಲು ಸೇರಿಸಿ, ಬಣ್ಣವೆಲ್ಲ ತೆಗೆದಿದ್ದರು. ಹೆಣ ಹೊತ್ತ ಹಾಗೆ ಕಾಣುತ್ತಿತ್ತು. ಆಕಾಶದಲ್ಲಿ ಗಿಡುಗವೊಂದು ಹಾರುತ್ತಿದ್ದುದಕ್ಕೆ ಹೆಲಿಕಾಪ್ಟರಿನ ಶಬ್ದ ಕೊಟ್ಟಿದ್ದರು.

ಇನ್ನು ಆ ತಲೆ ಆಡಿಸಿದ ವಿಷಯ. ನನ್ನ ಮಾತೆಲ್ಲ ಮುಗಿದ ಮೇಲೆ ಡೈರೆಕ್ಟರ್, ಸುಮ್ಮನೆ ಕೂತು ತಲೆ ಆಡಿಸಿ, ಮಾತು ಬೇಡ ಎಂದ. ಸುಮ್ಮನೆ ಹೇಗೆ ಆಡಿಸುವುದು? ನನಗೆ ನಗು ಬಂತು. ಆಗ ಮಾಷ್ಟ್ರು ಎದುರಿಗೆ ಕೂತು, "ಅಪ್ಪಿಯಕ್ಕ, ಅಕ್ಷಯಾ ಹುಟ್ಟಿದ ದಿವಸ ನೆನಪುಂಟಾ?" ಎಂದು ಕೇಳಿದರು. ನೆನಪಿಲ್ಲದೆ ಇರುತ್ತದೆಯೇ? ಅಪ್ಪ ಜೀಪು ಮಾಡಿಕೊಂಡು ನಿನ್ನನ್ನು ಆಸ್ಪತ್ರೆಗೆ ಕರೆತಂದದ್ದು, ನೀನು ಅವಳ ಹಿಮ್ಮಡಿ ಮುಟ್ಟಿ ನೋಡಿ "ಇದು ನಂದು, ಅಮ್ಮಾ" ಎಂದದ್ದು, ಎಲ್ಲ ಒಟ್ಟಿಗೆ ಕಣ್ಣಿಗೆ ಬಂತು. ಅಳು ಬಂತು. ಹೌದೆಂದು ತಲೆ ಆಡಿಸಿದೆ. ಅದನ್ನು ತೆಗೆದುಕೊಂಡು ಹೋದರು.

ಟಿವಿಯಲ್ಲಿ ಯಾವಳೋ ಹುಡುಗಿಯ ದನಿ, "ಈ ಮಗು ಇಲ್ಲದಿದ್ದರೆ ಒಳ್ಳೆಯದಿತ್ತು ಎಂದು ಅನಿಸಿದೆಯೇ ಅಮ್ಮಾ?" ಎಂದು ಮಲಯಾಳದಲ್ಲಿ ಕೇಳುತ್ತದೆ. ನಾನು ಕಣ್ಣೀರು ಹಾಕಿ ತಲೆ ಆಡಿಸುತ್ತೇನೆ. ಮರುಪ್ರಸಾರದ ದಿನ ಮಾಷ್ಟ್ರು ನಮ್ಮಲ್ಲಿಗೇ ಬಂದು ನೋಡಿ ಹಣೆ ಚಚ್ಚಿಕೊಂಡರು. "ನಾನು ಕೇಳಿದ್ದು ಇದಲ್ಲ ಅಪ್ಪಿಯಕ್ಕ. ಈ ಪ್ರಶ್ನೆ ನಿಮ್ಮ ಹತ್ತಿರ ಯಾರೂ ಕೇಳಲೇ ಇಲ್ಲ" ಎಂದರು. ಇಂಟರ್‌ನೆಟ್ಟಿನಲ್ಲಿ ಸಿಗುತ್ತದಂತೆ, ಇನ್ನೊಮ್ಮೆ ಹಾಕಿ ನೋಡು. ಅದಕ್ಕೆ ಮುಂಚೆ ನಾನು ಮಾತಾಡುವಾಗ ನನ್ನ ಬೆನ್ನ ಹಿಂದಿನ ಬಾಗಿಲು ಮುಚ್ಚಿದೆ. ತಲೆ ಆಡಿಸುವಾಗ ಅದು ತೆರೆದಿದೆ, ನನ್ನ ಹೆಗಲ ಮೇಲೆ ಬಿಸಿಲು ಉಂಟು, ಬೇರೆ ಹೊತ್ತಿನಲ್ಲಿ ತೆಗೆದು ಜೋಡಿಸಿದ್ದು. ಮಾಷ್ಟ್ರು ಡೈರೆಕ್ಟರನಿಗೆ ಫೋನ್ ಮಾಡಿದರೆ, "ತಾಯಿಯ ಭಾವ ಅದೇ ತಾನೇ?" ಎಂದನಂತೆ.

ಅದೇ ಅಲ್ಲ ಸುಪ್ರೀತಾ. ನನಗೆ ಸುಸ್ತಾಗುತ್ತದೆ. ಒಮ್ಮೊಮ್ಮೆ ಅವಳ ಮೇಲೆ ರೇಗುತ್ತೇನೆ, ಆಮೇಲೆ ಅಡುಗೆಮನೆಗೆ ಹೋಗಿ ಅಳುತ್ತೇನೆ. ನಾನು ಹೋದ ಮೇಲೆ ಇವಳನ್ನು ಯಾರು ನೋಡುತ್ತಾರೆ ಎಂದು ಹೆದರಿಕೆಯಾಗುತ್ತದೆ. ಆದರೆ ಅವಳು ಇಲ್ಲದಿದ್ದರೆ ಎಂದು ಯಾವತ್ತೂ ಅನಿಸಿಲ್ಲ ಮಗಾ. ನಿನಗೆ ಇದು ಗೊತ್ತಿರಬೇಕಿತ್ತು, ಅದೇ ನನಗೆ ಸಂಕಟ.

ವೀಲ್‌ಚೇರ್ ಬಂತು, ಬಂದ್ಯೋಡಿನ ಯಾರೋ ಪುಣ್ಯಾತ್ಮರು ಕಳಿಸಿದ್ದು. ಚಾವಡಿಯಲ್ಲಿ ಉಂಟು. ಅಕ್ಷಯಾ ಇನ್ನೂ ಕೂತಿಲ್ಲ. ಅಪ್ಪ ಅದರಲ್ಲಿ ಕೂತು ಪೇಪರ್ ಓದುತ್ತಾರೆ.

ನೈಟ್ ಡ್ಯೂಟಿ ಮುಗಿಸಿ ಖಾಲಿ ಹೊಟ್ಟೆಯಲ್ಲಿ ಮಲಗಬೇಡ. ನೀನು ಸುಖವಾಗಿರು, ದೇವರು ನಿನ್ನ ಕೈಯ ರೋಗಿಗಳನ್ನೂ ಚೆನ್ನಾಗಿಡಲಿ.

ನಿನ್ನ ಅಮ್ಮ,
ಅಪ್ಪಿ

ತಾ.ಕ.: ಇದನ್ನು ಬರೆಯುವುದು ಬೇಡ ಎಂದು ಪತ್ರ ಮಡಚಿದ್ದೆ. ಆಗಲಿಲ್ಲ. ಕಾರ್ಯಕ್ರಮ ಮೊದಲ ಸಲ ಬಂದಾಗ ನನಗೆ ಆ ಪ್ರಶ್ನೆ ಅರ್ಥವೇ ಆಗಿರಲಿಲ್ಲ. ಬಸ್ಸು, ಅಂಗಡಿಯ ಮಲಯಾಳ ಬಿಟ್ಟರೆ ನನಗೆಂತ ಬರುತ್ತದೆ? ನಾನು ಅಕ್ಷಯಾಳ ಪಕ್ಕದಲ್ಲಿ ಕೂತು, ತಲೆ ಆಡಿಸುವ ನನ್ನನ್ನೇ ಬೆರಳಿನಿಂದ ತೋರಿಸಿ, "ನೋಡು ಪುಟ್ಟಿ, ಅಮ್ಮ! ಅಮ್ಮ!" ಎಂದು ನಗುತ್ತಿದ್ದೆ. ಅವಳು ಹಗಲಿಡೀ ಮಲಯಾಳ ಸೀರಿಯಲ್ ನೋಡುತ್ತಾ ಮಲಗಿರುವವಳು. ತಮಾಷೆಯ ಮಾತಿಗೆ ಸರಿಯಾದ ಜಾಗದಲ್ಲಿ ನಗುವವಳು. ಅವಳಿಗೆ ಏನೂ ತಿಳಿಯುವುದಿಲ್ಲ ಎಂದು ಟಿವಿಯವರು ಹೇಳಿದರು. ಅವಳಿಗೆ ಎಲ್ಲ ತಿಳಿಯಿತು.

ಅವತ್ತಿನಿಂದ ನನ್ನ ಕೈಯ ಊಟ ಮುಟ್ಟುವುದಿಲ್ಲ. ಚಮಚ ತಂದರೆ ತುಟಿ ಬಿಗಿದು ಗೋಡೆಯ ಕಡೆಗೆ ತಿರುಗುತ್ತಾಳೆ. ಅಪ್ಪ ಕೊಟ್ಟರೆ ಸ್ವಲ್ಪ ಗಂಜಿ ಕುಡಿಯುತ್ತಾಳೆ. ಇಳಿದುಹೋಗಿದ್ದಾಳೆ ಮಗಾ. ಹುಟ್ಟಿದ ದಿವಸದ ಕಥೆ ಹೇಳಿದೆ, ಕಾಲು ಹಿಡಿದೆ, ನನ್ನ ಮಾತು ಅವಳ ಒಳಗೆ ಹೋಗುವುದಿಲ್ಲ. ನಿನ್ನ ಮಾತು ಹೋದೀತು. ನನ್ನನ್ನು ನಂಬಿದರೆ ಅವಳಿಗೆ ಒಂದು ಫೋನ್ ಮಾಡು. ಅಪ್ಪ ಅವಳ ಕಿವಿಗೆ ಹಿಡಿಯುತ್ತಾರೆ, ನಾನು ಒಳಗೆ ಬರುವುದಿಲ್ಲ.